ನಡುಮನೆಯ ಡೇರೆ

ಟಾರ್ಪಾಲು ಹೊಲಿಯುವವರ ಸಾಲಿನಲ್ಲಿ ಅವನಿಗೆ ಅಳತೆ ಮೇಸ್ತ್ರಿ ಎಂದೇ ಹೆಸರು. ಲಾರಿಯ ಹೊದಿಕೆಯಾಗಲಿ, ಅಂಗಡಿ ಮುಂದಿನ ನೆರಳಿನ ಬಟ್ಟೆಯಾಗಲಿ, ಅವನ ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಹುಡುಕಿಕೊಡಿ ನೋಡೋಣ! ಬೇರೆಯವರ ಕೆಲಸ ಕಂಡರೆ ಮಾತ್ರ ಕೈ ಸುಮ್ಮನಿರದು. ಹೆಂಡತಿ ಮಡಿಸಿಟ್ಟ ಬಟ್ಟೆಯನ್ನೂ ಬಿಡಿಸಿ ಮತ್ತೆ ಮಡಿಸುತ್ತಿದ್ದ ಪುಣ್ಯಾತ್ಮ. ಹನ್ನೆರಡು ವರ್ಷ ಹಲ್ಲು ಕಚ್ಚಿಕೊಂಡಿದ್ದ ಆಕೆ, ಮಕ್ಕಳಿಬ್ಬರನ್ನೂ ಕರೆದುಕೊಂಡು ಅಣ್ಣನ ಮನೆ ಸೇರಿ ಎರಡು ವರ್ಷವಾಗಿತ್ತು.

ಈ ಚಳಿಗಾಲದ ರಜೆಯಲ್ಲಿ ಮೊದಲ ಸಲ ಮಕ್ಕಳನ್ನು ಅವನಲ್ಲಿಗೆ ಕಳಿಸಿದಳು. ಮಾತು ಒಂದೇ: ಮೊದಲ ದಿನ ನಾಲ್ಕು ಗಂಟೆಗೆ ಫೋನು ಮಾಡುತ್ತೇನೆ, ಇರುತ್ತೇವೆಂದರೆ ಭಾನುವಾರದವರೆಗೆ ಇರಲಿ, ಒಲ್ಲೆವೆಂದರೆ ಆಗಲೇ ಬಂದು ಕರೆದೊಯ್ಯುತ್ತೇನೆ. ಮೇಸ್ತ್ರಿ ನಾಲ್ಕು ದಿನ ಕೆಲಸಕ್ಕೆ ರಜೆ ಹೇಳಿದ. ಹಿಂದೆ ಜ್ವರ ಬಂದಾಗಲೂ ಹೇಳಿದವನಲ್ಲ.

ಹೊರಗೆ ಮೂಳೆ ಕೊರೆಯುವ ಚಳಿ. ಹತ್ತು ವರ್ಷದ ಮಗಳೇ ಆಟಕ್ಕೆ ದಾರಿ ಹುಡುಕಿದಳು, ನಡುಮನೆಯೇ ಕಾಡು. ಎರಡು ಕುರ್ಚಿ, ಕಿಟಕಿಯ ಸರಳು, ಒಂದು ಹಾಸಿಗೆ ಬಟ್ಟೆ, ಕೈಗೆ ಬಂದಂಥ ಗಂಟು, ಡೇರೆ ಎದ್ದಿತು. ಆರು ವರ್ಷದ ತಮ್ಮ ಬಿಸ್ಕತ್ತಿನ ಪೊಟ್ಟಣದೊಡನೆ ಒಳಗೆ ನುಸುಳಿದ.

"ಅಪ್ಪ, ಬೇಗ ಒಳಗ್ ಬಾ! ಕರಡಿ ಬರ್ತಿದೆ!"

ಅವನು ಮೊಣಕಾಲೂರಿ ಬಗ್ಗಿದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ತಲೆ ಎತ್ತಿ ನೋಡಿಬಿಟ್ಟ.

"ತಡಿ ಮರಿ, ಮೇಲೆ ಜೋಲು ಬಿದ್ದಿದೆ. ಎರಡೇ ನಿಮಿಷ, ಹೊರಗ್ ಬಾ."

ಗಂಟುಗಳನ್ನೆಲ್ಲ ಬಿಚ್ಚಿದ. ಟೇಪು ಬಂತು, ಕತ್ತರಿ ಬಂತು. ಇಳಿಜಾರು ಎರಡೂ ಕಡೆ ಸಮ ಇರಬೇಡವೇ? ಮೂಲೆಗೆ ಪಟ್ಟಿ ಬೇಡವೇ? "ನಾವೂ ಹಿಡ್ಕೊಳ್ಳೋಣ್ವಾ ಅಪ್ಪ?" ಎಂದು ಮಗಳು ಬಂದಳು. "ಬೇಡಮ್ಮ, ಅಲ್ಲಾಡಿದ್ರೆ ಅಳತೆ ಕೆಡುತ್ತೆ" ಎಂದ. ಅಷ್ಟು ಹೊತ್ತಿಗೆ ಕರಡಿಯೂ ಬೇಸತ್ತು ಮನೆಗೆ ಹೋಗಿರಬೇಕು.

"ಈಗ ಒಳಗ್ ಹೋಗ್ಬೋದಾ?" ಎಂದು ಚಿಕ್ಕವನು ಮೂರು ಸಲ ಕೇಳಿದ. ಆಮೇಲೆ ಕೇಳುವುದನ್ನೇ ಬಿಟ್ಟ. ಎಷ್ಟು ಒಳ್ಳೆಯ ಮಗು, ಹಟವಿಲ್ಲ ಏನಿಲ್ಲ ಎಂದು ಅಪ್ಪನಿಗೆ ಹೆಮ್ಮೆಯಾಯಿತು! ಊಟಕ್ಕೂ ಸರಿಯಾಗಿ ಕೂರಲಿಲ್ಲ ಮೇಸ್ತ್ರಿ. ಮಕ್ಕಳ ಮೇಲೆ ಅವನಿಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಇದು ಮುಗಿಯಲಿ, ಇಂಥ ಡೇರೆ ಬಿಟ್ಟು ಯಾವ ಮಗು ಹೋಗುತ್ತದೆ ಎಂದುಕೊಳ್ಳುತ್ತ ಒಂದೊಂದೇ ಗುಂಡುಸೂಜಿ ಚುಚ್ಚಿದ. ಮಕ್ಕಳು ಗೋಡೆಗೊರಗಿ ಬಿಸ್ಕತ್ತು ಮುಗಿಸಿದರು.

ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಮಗಳು ಎತ್ತಿದಳು.

"ಹ್ಞೂಂ ಅಮ್ಮ, ಊಟ ಆಯ್ತು. ಇಲ್ಲ, ಬೈಲಿಲ್ಲ. ಅಪ್ಪಂಗೆ ತುಂಬ ಕೆಲಸ ಇದೆ ಅಮ್ಮ, ಪಾಪ. ನಾವಿದ್ರೆ ಅಡ್ಡ ಆಗುತ್ತೆ. ಬಂದ್ಬಿಡು."

ಅವಳು ದೂರಿದ್ದರೆ ಅವನು ವಾದಕ್ಕೆ ನಿಲ್ಲುತ್ತಿದ್ದ. ದೂರಲಿಲ್ಲ; ಅವನ ಮಾನ ಉಳಿಸಿದಳು. ಕೆಲಸವಿಲ್ಲ, ನನಗೆ ಯಾವ ಕೆಲಸವೂ ಇಲ್ಲ ಎಂದು ಕೂಗಬೇಕೆನಿಸಿತು. ತುಟಿಗಳ ನಡುವೆ ಏಳೆಂಟು ಗುಂಡುಸೂಜಿ ಕಚ್ಚಿಕೊಂಡಿದ್ದ. ಅವನ್ನು ಅಂಗೈಗೆ ಉಗುಳಿಕೊಳ್ಳುವಷ್ಟರಲ್ಲಿ ಹುಡುಗಿ ಫೋನು ಕೆಳಗಿಟ್ಟು, ತಮ್ಮನಿಗೆ ಸ್ವೆಟರ್ ತೊಡಿಸುತ್ತಿದ್ದಳು.