ಚಾಂದಬೀ ಕೊಲ್ಲದ ಮೀನುಗಳು

ನಮ್ಮ ಬಾವಿಯ ಮೀನುಗಳನ್ನು ಚಾಂದಬೀ ಕೊಂದಿರಲಿಲ್ಲ. ಅವನ್ನು ಬಾವಿಯಿಂದ ಹೊರಗೆ ಹಾಕಿದವಳು ನಾನು. ಆಗ ನನಗೆ ಒಂಬತ್ತು ವರ್ಷ. ಅಷ್ಟು ಸಣ್ಣ ಹುಡುಗಿಗೆ ಏನು ತಿಳಿಯುತ್ತದೆ ಎಂದು ಯಾರೂ ನನ್ನ ಪರವಾಗಿ ಮಾತಾಡುವುದು ಬೇಡ. ಸುಳ್ಳು ಹೇಳುವಷ್ಟು ತಿಳಿಯುತ್ತಿತ್ತು.

ಹೋದ ತಿಂಗಳು ಸೇಡಂನ ನಮ್ಮ ಮನೆಯಲ್ಲಿ ಮಗ ನೀರಿನ ಟಾಕಿ ತೊಳೆದು, ಒಳಗೆ ಹಚ್ಚಲೆಂದು ಸುಣ್ಣದ ಕಲ್ಲನ್ನು ತಗಡಿನ ಡಬ್ಬಿಗೆ ಹಾಕಿ ನೀರು ಸುರಿದ. ಕಲ್ಲು ಸುಂಯ್ ಎಂದು ಕುದ್ದು ಒಡೆಯಿತು. ಮೂಗಿನೊಳಗೆ ಚುಚ್ಚುವ ಆ ಬಿಸಿ ವಾಸನೆ ಬಂದದ್ದೇ ತಡ, ಪಲ್ಯದ ಸೊಪ್ಪು ಸೋಸುತ್ತಿದ್ದ ನಾನು ಕೈ ನಿಲ್ಲಿಸಿ ಕೂತೆ. ಅರವತ್ತು ವರ್ಷದ ಹಿಂದಿನ ಅಂಗಳ ಎದುರಿಗೆ ಬಂದು ನಿಂತಿತು. ಆ ಅಂಗಳ ಈಗ ಇಲ್ಲ. ಆ ಮನೆಯೂ ಇಲ್ಲ. ಕಲ್ಲು ತೆಗೆಯುವ ಖಣಿ ಬೆಳೆಯುತ್ತ ಬೆಳೆಯುತ್ತ ನಮ್ಮ ಓಣಿಯವರೆಗೆ ಬಂದು, ಮನೆಯ ಕಲ್ಲುಗಳು ಯಾರ್ಯಾರದೋ ನೆಲವಾಗಿ ಹೋದವು; ಬಾವಿಗೆ ಕಲ್ಲಿನ ಚೂರು ತುಂಬಿ ಮುಚ್ಚಿದರು. ಅದಕ್ಕೆ ನಾನು ಅಳುವವಳಲ್ಲ. ಕಲ್ಲು ತೆಗೆದು ಉಂಡವರು ನಾವು, ಕಲ್ಲು ನಮ್ಮನ್ನು ತೆಗೆಯಿತು. ಬಾವಿಯ ಮಾತು ಬೇರೆ.

ನಮ್ಮ ಊರು ಶಹಾಬಾದಿನಿಂದ ನಡೆದು ಹೋಗುವಷ್ಟು ದೂರ. ಅಪ್ಪನ ಅಪ್ಪನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಅವನು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಸೀಳುವವನು. ಮನೆಯ ನೆಲ ಪರಸಿ, ಮಾಳಿಗೆ ಪರಸಿ, ದನಗಳು ನೀರು ಕುಡಿಯುವ ದೋಣಿಗೆ ನಾಲ್ಕು ಪರಸಿ, ಹಿತ್ತಲ ಬೇಲಿಗೆ ಸಾಲಾಗಿ ನಿಲ್ಲಿಸಿದ್ದೂ ಪರಸಿ. ಬೇಸಿಗೆಯ ಮಧ್ಯಾಹ್ನ ನೆಲಕ್ಕೆ ಕೆನ್ನೆ ಇಟ್ಟು ಮಲಗಿದರೆ ಕಲ್ಲು ತಣ್ಣಗೆ ಉಸಿರಾಡಿದಂತೆ ಅನ್ನಿಸುತ್ತಿತ್ತು. ನಮ್ಮ ಮನೆಗೂ ಚಾಂದಬೀ ಮನೆಗೂ ನಡುವೆ ಬಾವಿ. ಅವಳ ಗಂಡ ಮುತ್ಯಾನ ಜೊತೆ ಅದೇ ಖಣಿಯಲ್ಲಿ ದುಡಿಯುತ್ತಿದ್ದ. ಎರಡು ಮನೆಗೆ ನೀರು ಸೇದಲು ಒಂದು ಗಡಗಡಿ, ಒಂದೇ ಹಗ್ಗ. ಚಾಂದಬೀಯ ಮಗಳು ಮುಮ್ತಾಜ್ ನನ್ನ ಓರಿಗೆಯವಳು. ನಾವಿಬ್ಬರೂ ಬಾವಿಯ ಕಟ್ಟೆಯ ಮೇಲೆ ಬೋರಲು ಬಿದ್ದು ತಾಸುಗಟ್ಟಲೆ ಒಳಗೆ ನೋಡುತ್ತಿದ್ದೆವು. ಬಾವಿಯ ಗೋಡೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಒಂದೊಂದು ಪದರದ ಸಂದಿನಲ್ಲಿ ಒಂದೊಂದು ಸಂಸಾರ. ನೀರಿಗೆ ಹತ್ತಿದ ಹಸಿರು ಪಾಚಿ, ಪಾಚಿಯ ಮೇಲೆ ಅಂಗುಲ ಸರಿಯಲು ಅರ್ಧ ದಿನ ಹಿಡಿಯುವ ಬಸವನಹುಳು, ಸಂದಿನಲ್ಲಿ ಕಣ್ಣು ಬಿಟ್ಟು ಕೂತ ಕಪ್ಪೆ, ಕೆಳಗೆ ಬೆರಳುದ್ದದ ಮೀನುಗಳು. ಎಲ್ಲಕ್ಕೂ ಕೆಳಗೆ ಒಂದು ಆಮೆ. ಅದು ತಲೆ ಎತ್ತಿದ ದಿನ ನಮಗೆ ಹಬ್ಬ. ಮೀನು ಏನು ತಿನ್ನುತ್ತದೆ, ಆಮೆ ನಿದ್ದೆ ಮಾಡುತ್ತದೋ ಇಲ್ಲವೋ, ಬಿದ್ದ ಬೇವಿನ ಎಲೆಗಳೆಲ್ಲ ಎಲ್ಲಿ ಹೋಗುತ್ತವೆ, ಇದೇ ನಮ್ಮ ಮಾತು. ಚಾಂದಬೀ ನೀರಿಗೆ ಬಂದಾಗಲೆಲ್ಲ ಮುತ್ಯಾನನ್ನು ಕೆಣಕುತ್ತಿದ್ದಳು: "ಮಾಮಾ, ನಿಮ್ಮ ಆಮಿಗಿ ವಯಸ್ಸಾತು. ನಮ್ಮ ತವರಕಡಿ ಒಂದು ಹೆಣ್ಣ ಅದ, ನೋಡ್ಲೇನು?" ಮುತ್ಯಾ ನಗದೆ, ಮೊದಲು ಹೆಣ್ಣಿನ ಮನೆಯ ಬಾವಿ ಎಷ್ಟು ಆಳ ಎಂದು ಕೇಳುತ್ತಿದ್ದ.

ಪರಿಸರ ಎಂಬ ಮಾತು ಮುತ್ಯಾ ಕೇಳಿದವನಲ್ಲ. ಅವನ್ನೆಲ್ಲ ಅವನು ಬಾವಿ ಮಂದಿ ಎನ್ನುತ್ತಿದ್ದ. ಬಾವಿ ಮಂದಿಗೆ ಅವನದೇ ಕಾನೂನು. ಕಟ್ಟೆಯ ಮೇಲೆ ಚಪ್ಪಲಿ ಇಲ್ಲ. ಸೋಡಾ ಸಾಬೂನು ಏನಿದ್ದರೂ ಹತ್ತು ಹೆಜ್ಜೆ ಆಚೆ, ಅದೂ ಇಳಿಜಾರಿನ ಕಡೆ. ಉಂಡು ಉಳಿದದ್ದು ಒಳಗೆ ಹಾಕಿದರೆ ಬೆನ್ನ ಮೇಲೆ ಪೆಟ್ಟು. ಮುಂಗಾರಿನ ಮಿರಗದ ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಬಾವಿ ಹಸನು ಮಾಡುವುದು ನಮ್ಮಲ್ಲಿ ರೂಢಿ. ಬುಟ್ಟಿಯಿಂದ ಮೀನು, ಕಪ್ಪೆ, ಆಮೆ ಎಲ್ಲ ಹಿಡಿದು ಬೇವಿನ ನೆರಳಲ್ಲಿದ್ದ ದನದ ದೋಣಿಯಲ್ಲಿ ಇಡುತ್ತಿದ್ದರು. ಹೂಳು ತೆಗೆದು, ಖಣಿಯ ಚೂರುಕಲ್ಲನ್ನೇ ಸುಟ್ಟು ಮಾಡಿದ ಸುಣ್ಣ ಗೋಡೆಗೆ ಬಳಿದು, ಮೊದಲು ಬಂದ ನೀರನ್ನು ಸೇದಿ ಚೆಲ್ಲಿ, ಮೂರನೆಯ ದಿನ ಮುತ್ಯಾ ಹೊಸ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಸುಣ್ಣದ ಖಾರ ಹೋಗಿದ್ದರೆ ದೋಣಿಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಇಳಿಸುತ್ತಿದ್ದ. ಅವರು ಇಳಿದ ಮೇಲೆ ನಮ್ಮ ಕೊಡ. ಅವರಿಗಿಂತ ಮೊದಲು ಯಾರೂ ಆ ನೀರು ಕುಡಿಯುವಂತಿರಲಿಲ್ಲ.

ಆ ವರ್ಷ ಮುತ್ಯಾನ ಕಾಲಿನ ಮೇಲೆ ಕಲ್ಲು ಜಾರಿ ಬಿದ್ದು ಅವನು ಹೊರಸು ಹಿಡಿದಿದ್ದ. ಅದೇ ಬೇಸಿಗೆಗೆ ಅಪ್ಪನ ತಂಗಿ ಗಂಗತ್ತಿಯ ಮದುವೆ. ನಿಶ್ಚಯಕ್ಕೆ ಬಂದಾಗ ಬೀಗರ ಕಡೆಯ ಮುದುಕಿಯೊಬ್ಬಳ ತಂಬಿಗೆಯಲ್ಲಿ ಒಂದು ಮೀನಿನ ಮರಿ ಸಿಕ್ಕಿತ್ತು. ಆಕೆ ಪಟ್ಟಣದವಳು. ತಂಬಿಗೆಯನ್ನು ಕಾಲಿನಿಂದ ದೂರ ಸರಿಸಿದಳು. ಗಂಗತ್ತಿ ಅದನ್ನು ಮರೆಯಲಿಲ್ಲ. ಬಾವಿ ಹಸನು ಮಾಡಿ ಮೂರನೆಯ ದಿನ ಮುತ್ಯಾ ನನ್ನನ್ನು ಹೊರಸಿನ ಹತ್ತಿರ ಕರೆದು, ನೀರಿನ ರುಚಿ ತಾನು ನೋಡಿ, ಈ ಸಲ ಬಾವಿ ಮಂದಿಯನ್ನು ನೀನು ಇಳಿಸು ಎಂದ. ಅಂಥ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಎದೆ ಉಬ್ಬಿಸಿಕೊಂಡು ದೋಣಿಯ ಹತ್ತಿರ ಹೋದರೆ ಗಂಗತ್ತಿ ಅಲ್ಲೇ ನಿಂತಿದ್ದಳು. "ಶರಣೂ, ಮದುವಿ ದಿನ ಮತ್ತ ಯಾರದರ ತಂಬಿಗ್ಯಾಗ ಮೀನ ಬಂತಂದ್ರ ನಾ ಇದೇ ಬಾವ್ಯಾಗ ಬೀಳ್ತೀನಿ ನೋಡು" ಎಂದಳು. ಬೀಳುತ್ತಿರಲಿಲ್ಲ, ಅವಳು ಗಟ್ಟಿ ಹೆಂಗಸು, ಹನ್ನೆರಡು ವರ್ಷದ ಹಿಂದೆ ಮೊಮ್ಮಕ್ಕಳ ನಡುವೆ ಸತ್ತಳು. ಆದರೆ ನಾನು ನಂಬಿದೆ. ಮೀನು ಕಪ್ಪೆಗಳನ್ನು ಕೊಡದಲ್ಲಿ, ಆಮೆಯನ್ನು ಬುಟ್ಟಿಯಲ್ಲಿ ತುಂಬಿಕೊಂಡು ಎರಡು ಸಲ ನಡೆದೆ, ಊರಾಚೆಯ ನೀರು ನಿಂತ ಹಳೆಯ ಖಣಿಗೆ. ಆಮೆ ಮುಳುಗಿತು. ಕಪ್ಪೆಗಳು ಜಿಗಿದವು. ಮೀನುಗಳಲ್ಲಿ ಕೆಲವು ಈಜಿದವು, ಕೆಲವು ಬೆಳ್ಳಗೆ ಹೊಟ್ಟೆ ತಿರುಗಿಸಿದವು. ನಿಂತು ನೋಡಲಿಲ್ಲ.

ಮುತ್ಯಾ ಕೇಳಿದ, ಮೊದಲು ಆಮೆಯನ್ನು ಬಿಟ್ಟೆಯೋ ಮೀನನ್ನು ಬಿಟ್ಟೆಯೋ ಎಂದು. ಆಮೆಯನ್ನು ಎಂದೆ. "ಛಲೋ ಮಾಡ್ದಿ. ಹಿರೇ ಮನಷ್ಯಾ ಮೊದಲ ಹೋಗಬೇಕು" ಎಂದು ನನ್ನ ತಲೆ ಸವರಿದ.

ಮದುವೆ ಚೆನ್ನಾಯಿತು. ನೀರು ಬೆಳ್ಳಿಯ ಹಾಗಿತ್ತು, ಬೀಗರು ಎರಡೆರಡು ತಂಬಿಗೆ ಕುಡಿದರು. ಮಳೆ ಬಿದ್ದು ತಿಂಗಳಾಗುವಷ್ಟರಲ್ಲಿ ಕೊಡದ ನೀರಿನಲ್ಲಿ ಸಣ್ಣ ಹುಳಗಳು ಕಾಣಿಸಿಕೊಂಡವು, ತಲೆ ಕೆಳಗೆ ಮಾಡಿ ತೂಗುವ, ಮುಟ್ಟಿದರೆ ಕುಣಿಯುವ ಹುಳಗಳು. ಸೋಸಿ ಕುಡಿದೆವು. ಸಂಜೆಯಾದರೆ ಎರಡೂ ಮನೆಯಲ್ಲಿ ಸೊಳ್ಳೆಯ ಸಂಗೀತ. ಮೊದಲು ಮುಮ್ತಾಜ್‌ಗೆ ಚಳಿಜ್ವರ ಬಂತು, ಆಮೇಲೆ ನನ್ನ ಅವ್ವನಿಗೆ, ಆಮೇಲೆ ಓಣಿಗೆ. ಮುತ್ಯಾ ಕೋಲು ಊರಿಕೊಂಡು ಬಾವಿಗೆ ಬಂದು ಬಹಳ ಹೊತ್ತು ಬಗ್ಗಿ ನೋಡಿದ. ಒಂದು ಹಿಡಿ ಜೋಳದ ನುಚ್ಚು ಹಾಕಿದ. ಒಂದೂ ಮೀನು ಮೇಲೆ ಬರಲಿಲ್ಲ. ಮೀನು ಇದ್ದ ಬಾವಿಯಲ್ಲಿ ಹುಳ ಹೇಗೆ ಬಂತು, ಇದ್ದ ಮೀನು ಎಲ್ಲಿ ಹೋಯಿತು ಎಂದು ಎರಡು ದಿನ ತನ್ನಷ್ಟಕ್ಕೆ ತಾನೇ ಕೇಳಿಕೊಂಡ. ನಾನು ಬಿಟ್ಟೆ ಎಂದಿದ್ದೆನಲ್ಲ, ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹಾಗಾದರೆ ಅವುಗಳನ್ನು ಯಾರೋ ಕೊಂದಿರಬೇಕು. ಅಷ್ಟರಲ್ಲಿ ಯಾರೋ ಹೇಳಿದರು, ಚಾಂದಬೀ ಜ್ವರದ ಮಗಳು ಹೊದೆಯುತ್ತಿದ್ದ ಕೌದಿಯನ್ನು ಸೋಡಾ ಹಾಕಿ ಒಗೆದಳು, ಆ ನೀರು ಬಾವಿಗೆ ಹರಿದು ಮೀನು ಸತ್ತವು ಎಂದು. ಲೆಕ್ಕ ಸರಿ ಕೂತಿತು. ಹುಳ ಮೊದಲೋ ಕೌದಿ ಮೊದಲೋ ಎಂದು ಯಾರೂ ನೋಡಲಿಲ್ಲ. ತಪ್ಪಾದ ಲೆಕ್ಕವೇ ಬೇಗ ಸರಿ ಕೂಡುತ್ತದೆ.

ಓಣಿಯ ಮಂದಿ ನೋಡುತ್ತಿರುವಾಗ ಮುತ್ಯಾ ತಾನೇ ಗಡಗಡಿಯಿಂದ ಹಗ್ಗ ಬಿಚ್ಚಿದ. "ಇನ್ನ ನೀ ಈ ಹಗ್ಗ ಮುಟ್ಟಬ್ಯಾಡ, ಮಗಳ" ಎಂದ. ಅವನ ದನಿ ಏರಲಿಲ್ಲ. ಚಾಂದಬೀ ಖಾಲಿ ಕೊಡ ಸೊಂಟದ ಮೇಲೆ ಇಟ್ಟುಕೊಂಡಿದ್ದಳು. "ಕೌದಿ ಒಗದೀನಿ, ಖರೇ ಅದ ಮಾಮಾ. ಹತ್ತು ಹೆಜ್ಜಿ ದೂರೇ ಒಗದೀನಿ. ನಿಮ್ಮ ಮೀನ ನಾ ಕೊಂದಿಲ್ಲ" ಎಂದಳು. ನಾನು ಮುತ್ಯಾನ ಹಿಂದೆ ನಿಂತಿದ್ದೆ. ಬಾಯಿ ತೆರೆದಿದ್ದರೆ ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು. ತೆರೆಯಲಿಲ್ಲ. ಅಂದಿನಿಂದ ಅವಳು ಊರ ಆಚೆ ತುದಿಯ ಬಾವಿಯಿಂದ ನೀರು ಹೊತ್ತಳು. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋಗಿಬಿಟ್ಟರು. ಮುತ್ಯಾ ಮತ್ತೆ ಯಾವ ವರ್ಷವೂ ಬಾವಿಗೆ ಮೀನು ತಂದು ಬಿಡಲಿಲ್ಲ. ಆಮೆಗೆ ಹೆಣ್ಣು ನೋಡುವವಳು ಹೋದ ಮೇಲೆ ಅಂಗಳದಲ್ಲಿ ನಗುವೂ ಕಡಿಮೆಯಾಯಿತು. ಮೀನು ಕೊಂದವಳು ಚಾಂದಬೀ ಎಂದೇ ನಂಬಿ ಮುತ್ಯಾ ಸತ್ತ.

ಹದಿನೈದು ವರ್ಷದ ಹಿಂದೆ ಕಲಬುರಗಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಮುಮ್ತಾಜ್ ಸಿಕ್ಕಳು. ಇಬ್ಬರೂ ಕಣ್ಣು ತೋರಿಸಲು ಹೋಗಿದ್ದೆವು. ಚಿತ್ತಾಪುರದ ಮನೆಯ ಗುರುತು ಹೇಳಿದಳು, ಬಾ ಎಂದಳು. ತಾಯಿ ಹೋದದ್ದನ್ನು ಹೇಳುತ್ತ, ಕೊನೆಗಾಲದಲ್ಲಿ ಮಕ್ಕಳ ಹೆಸರು ಮರೆತಿದ್ದಳು, ಆದರೆ ಮೀನು ನಾನು ಕೊಂದಿಲ್ಲ ಎಂಬುದನ್ನು ಮರೆತಿರಲಿಲ್ಲ ಎಂದಳು. ನನ್ನ ಸರದಿ ಬಂತು, ಎದ್ದು ಒಳಗೆ ಹೋದೆ.

ಟಾಕಿಗೆ ಸುಣ್ಣ ಹಚ್ಚಿದ ದಿನ ಸಂಜೆ ಮೊಮ್ಮಗಳು ಪಲ್ಲವಿ ಶಾಲೆಯಿಂದ ಬಂದು ದೊಡ್ಡ ಹಾಳೆ ಹಾಸಿಕೊಂಡು ಕೂತಳು. ಏಳನೆಯ ತರಗತಿ. ನಾನು ಓದಿದ್ದು ನಾಲ್ಕು, ಆದರೆ ಅವಳ ಪುಸ್ತಕ ಎಂದರೆ ನನಗೆ ಆಸೆ. ಏನು ಬರೆಯುತ್ತಿದ್ದೀ ಎಂದರೆ ಆಹಾರ ಸರಪಳಿ ಎಂದಳು. ಪಾಚಿಗೆ ಬಿಸಿಲೇ ಊಟ, ಪಾಚಿ ಹುಳಕ್ಕೆ ಊಟ, ಹುಳ ಮೀನಿಗೆ ಊಟ. ಬಾಣದ ಗುರುತು ತಿನ್ನುವವನ ಕಡೆಗೆ ಹಾಕಬೇಕಂತೆ. ಸತ್ತ ಎಲೆಯನ್ನು ತಿನ್ನುವವರು ಯಾರು ಎಂದು ಕೇಳಿದೆ; ಅರವತ್ತು ವರ್ಷದಿಂದ ಉಳಿದ ಪ್ರಶ್ನೆ. ಕಣ್ಣಿಗೆ ಕಾಣದಂಥ ಸಣ್ಣ ಜೀವಿಗಳು ಕೊಳೆಸಿ ಮತ್ತೆ ಮಣ್ಣಿಗೆ ಕೊಡುತ್ತವೆ ಎಂದಳು. ಬಾವಿ ಮಂದಿಯಲ್ಲಿ ನಾವು ಎಣಿಸದೆ ಬಿಟ್ಟವರೂ ಇದ್ದರು ಎಂದಾಯಿತು. ಕೆಳಗೆ ಮಕ್ಕಳು ಪಾಲಿಸಬೇಕಾದ ನಿಯಮಗಳು: ಕೆರೆ ಬಾವಿಗೆ ಕಸ ಹಾಕಬಾರದು, ನೀರಿನ ಹತ್ತಿರ ಬಟ್ಟೆ ಒಗೆಯಬಾರದು, ಒಂದು ಜಾಗದ ಜೀವಿಯನ್ನು ಇನ್ನೊಂದು ಜಾಗಕ್ಕೆ ಒಯ್ದು ಬಿಡಬಾರದು. ಮುತ್ಯಾನವೂ ಇವೇ, ಬೈಗುಳ ಮಾತ್ರ ಬಿಟ್ಟಿದ್ದಾರೆ.

"ಸರಪಳ್ಯಾಗ ಮೀನ ತಗದ್ರ ಏನಾಗ್ತದ?" ಎಂದೆ.

"ಹುಳ ಭಾಳ ಆಗ್ತಾವ ಆಯಿ. ಆ ಹುಳನೇ ಸೊಳ್ಳಿ ಆಗ್ತಾವ. ಸೊಳ್ಳಿಗಿ ರೆಕ್ಕಿ ಅವ, ಹೊಳ್ಳಿ ಬರ್ತಾವ. ಮೀನಿಗಿ ಇಲ್ಲಲ್ಲ."

ಆಮೇಲೆ ಉದಾಹರಣೆಯ ಚೌಕ ತೋರಿಸಿದಳು. ಹಿರಿಯರಿಂದ ಕೇಳಿ ಬರೆಯಬೇಕಿತ್ತಂತೆ. ಅಪ್ಪನನ್ನು ಕೇಳಿ ಬರೆದಿದ್ದಳು. ನನ್ನ ಮಗನಿಗೆ ಅದು ನನ್ನ ಅವ್ವನ ಬಾಯಿಂದ ಬಂದ ಕಥೆ. ಚಾಂದಬೀ ಎಂಬ ನೆರೆಯವಳು ಸೋಡಾ ಹಾಕಿ ಬಟ್ಟೆ ಒಗೆದದ್ದರಿಂದ ನಮ್ಮ ಬಾವಿಯ ಮೀನುಗಳು ಸತ್ತವು, ಊರಿಗೆ ಜ್ವರ ಬಂತು ಎಂದು ಬಣ್ಣದ ಪೆನ್ನಿನಲ್ಲಿ ದುಂಡಗೆ ಬರೆದಿತ್ತು. ಮೊದಲು ವಹಿಯಲ್ಲಿ ಬರೆದದ್ದನ್ನು ನೋಡಿ ಟೀಚರ್ ಬಹಳ ಚೆನ್ನಾಗಿದೆ ಎಂದಿದ್ದರಂತೆ, ಶಾಲೆಯ ಗೋಡೆಗೆ ಅಂಟಿಸುತ್ತಾರಂತೆ. ಎರಡು ಸಲ ಓದಿದೆ. ನನ್ನ ಸುಳ್ಳು ಓಣಿಯಿಂದ ಚಿತ್ತಾಪುರಕ್ಕೆ ಹೋಗಿತ್ತು, ಈಗ ಶಾಲೆಗೆ ಹೊರಟಿತ್ತು.

"ಇದು ಅಳಿಸು" ಎಂದೆ. ಎಲ್ಲ ಹೇಳಿದೆ. ಕೊಡ, ಖಣಿ, ಆಮೆ ಮೊದಲು ಎಂದದ್ದು. ಹುಡುಗಿ ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡುತ್ತ ಕೇಳಿದಳು. ಸೋಡಾದಿಂದ ಮೀನು ಸತ್ತಿದ್ದರೆ ಹುಳಗಳೂ ಸಾಯಬೇಕಿತ್ತಲ್ಲ, ಯಾರೂ ಯಾಕೆ ಕೇಳಲಿಲ್ಲ ಎಂದಳು. ಕೇಳುವ ಮನಸ್ಸು ಯಾರಿಗೂ ಇರಲಿಲ್ಲ, ಅಷ್ಟೇ.

"ಹಂಗಾದ್ರ ಏನ್ ಬರೀಲಿ?"

"ನನ್ನ ಹೆಸರ ಬರಿ."

"ಆಯಿ, ಎಲ್ಲರೂ ಓದ್ತಾರ."

"ಓದ್ಲಿ. ಚಾಂದಬೀ ಹೆಸರ ಎಲ್ಲರೂ ಆಡ್ಯಾರ."

ಬರೆದಳು. ಅಷ್ಟರಿಂದ ಮುಗಿಯಲಿಲ್ಲ. ಸೇಡಂನ ಗೋಡೆಯ ಮೇಲೆ ಬರೆದದ್ದು ಚಿತ್ತಾಪುರಕ್ಕೆ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಮನೆ ಕೇಳುತ್ತ ಕೇಳುತ್ತ ಹೋದರೆ ಮುಮ್ತಾಜ್ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಶರಣೂ? ಬಾ, ಕುಂದ್ರು. ಚಾ ಮಾಡಸ್ತೀನಿ" ಎಂದಳು. ಚಹಾ ಆಮೇಲೆ, ಮೊದಲು ಮನೆಯವರನ್ನೆಲ್ಲ ಕರಿ ಎಂದೆ. ಚಾಂದಬೀಯ ಮೇಲೆ ಹೊರಿಸಿದ್ದು ನಾಲ್ಕು ಮಂದಿಯ ಎದುರಿಗೆ. ಇಳಿಸುವುದನ್ನು ಒಬ್ಬಳ ಕಿವಿಯಲ್ಲಿ ಮಾಡಲಾಗದು. ಸೊಸೆ ಹಿಟ್ಟಿನ ಕೈಯಲ್ಲೇ ಬಂದಳು, ಮಗ ಬಂದ, ಮೊಮ್ಮಕ್ಕಳು ಬಾಗಿಲಲ್ಲಿ ನಿಂತರು. ನಾನು ಕೂರಲಿಲ್ಲ. "ನಿಮ್ಮವ್ವ ಮೀನ ಕೊಂದಿಲ್ಲ, ಮುಮ್ತಾಜ್. ನಾ ಒಯ್ದು ಖಣ್ಯಾಗ ಸುರುವೀನಿ" ಎಂದೆ. ಅವಳು ಮೊರವನ್ನು ಕೆಳಗೆ ಇಟ್ಟಳು. ನಾನು ನಿಂತುಕೊಂಡೇ ಮೊದಲಿನಿಂದ ಹೇಳತೊಡಗಿದೆ.