ಪಿಕಪ್ ಮಾರಿದ ವಾರ

ಮಗ್ಗೆಯ ಬಸ್ ನಿಲ್ದಾಣದ ಎದುರಿಗೆ ದ್ರಾಕ್ಷಾಯಣಿಯ ಹೊಲಿಗೆ ಅಂಗಡಿ. ಆ ಸೋಮವಾರ ಅವಳು ಬಾಗಿಲು ತೆಗೆಯಲು ಬಂದಾಗ ಗುಂಡಯ್ಯ ಮೆಟ್ಟಿಲ ಮೇಲೆ ಕೂತಿದ್ದ. ಆಲೂರಿನಲ್ಲಿ ವಾರದ ಬಡ್ಡಿಗೆ ದುಡ್ಡು ಕೊಡುವವನು. ಅವನು ದನಿ ಏರಿಸಲಿಲ್ಲ. ಅವಳ ಗಂಡ ಸಿದ್ದಬಸಪ್ಪ ಎಂಬತ್ತು ಸಾವಿರ ಪಡೆದಿದ್ದಾನೆ, ಬಡ್ಡಿ ನಿಂತುಹೋಗಿದೆ, ಭಾನುವಾರದೊಳಗೆ ಪೂರ್ತಿ ಹಣ ಬರದಿದ್ದರೆ ಹುಡುಗರು ಬಂದು ಪಿಕಪ್ ಗಾಡಿ ಒಯ್ಯುತ್ತಾರೆ ಎಂದಷ್ಟೇ ಹೇಳಿ ಎದ್ದುಹೋದ.

ದ್ರಾಕ್ಷಾಯಣಿಗೆ ಗೊತ್ತಿದ್ದದ್ದು ಎರಡು ಮಹಿಳಾ ಸಂಘಗಳ ಸಾಲ ಮಾತ್ರ. ಅತ್ತೆಯ ಸೊಂಟದ ಆಪರೇಷನ್ನಿಗೆಂದು ಅವಳೇ ತೆಗೆದದ್ದು. ಈ ಮೂರನೆಯದರ ಸುಳಿವೇ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಮೊದಲು ಹಾರಿಕೆಯ ಮಾತಾಡಿದ, ಆಮೇಲೆ ಒಪ್ಪಿಕೊಂಡ. ಯಸಳೂರಿನಿಂದ ಕಾಫಿ ಮೂಟೆ ತರುವಾಗ ಗೇರ್‌ಬಾಕ್ಸ್ ಒಡೆದಿತ್ತು. ಅದರ ರಿಪೇರಿಗೆ, ಟೈರಿಗೆ ಗುಂಡಯ್ಯನ ದುಡ್ಡು. ಭದ್ರತೆಗೆಂದು ಎರಡು ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟಿದ್ದ. ಮರುದಿನದ ಸಂಘದ ಕಂತಿಗೆಂದು ಅವಳು ಅವನ ಕೈಗೆ ಕೊಟ್ಟಿಟ್ಟಿದ್ದ ಹಣವೂ ಆಗಲೇ ಗುಂಡಯ್ಯನ ಬಡ್ಡಿಗೆ ಹೋಗಿತ್ತು.

ಮರುದಿನ ಸಂಘದ ಮುಂದಾಳು ದೇವೀರಮ್ಮನ ಮನೆ ಅಂಗಳದಲ್ಲಿ ಕಂತು ಕಟ್ಟುವ ಸಭೆ. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು, ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ದ್ರಾಕ್ಷಾಯಣಿಯ ಕೈ ಖಾಲಿ. ಸಾಲ ಕೊಟ್ಟ ಕಂಪನಿಯಿಂದ ವಸೂಲಿಗೆ ಬಂದವನು ಸುಲಭದ ದಾರಿ ತೋರಿಸಿದ: ಇನ್ನೂ ದೊಡ್ಡ ಸಾಲ ಬರೆಸಿಕೊಂಡರೆ ಹಳೆಯದು ಅದರಲ್ಲೇ ತೀರುತ್ತದೆ, ಕೈಗೂ ಸ್ವಲ್ಪ ಸಿಗುತ್ತದೆ. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ದ್ರಾಕ್ಷಾಯಣಿ ಬೇಡವೆಂದಳು. ಗುಂಡಯ್ಯನ ವಿಷಯವನ್ನು ಅವರೆಲ್ಲರೆದುರು ಬಾಯಿಬಿಟ್ಟು ಹೇಳಿದಳು. ಅವಳ ಪಾಲು ತುಂಬಿದ ದೇವೀರಮ್ಮ ಸಿಟ್ಟಿನಿಂದಲೇ ಕೇಳಿದಳು, ಮೊದಲು ಯಾವುದನ್ನು ತೀರಿಸುತ್ತೀಯ ಎಂದು.

"ಗುಂಡಯ್ಯಂದೇ ಅಕ್ಕ. ಸಾಲ ಚಿಕ್ಕದು, ಆದ್ರೆ ಬಡ್ಡಿ ಎಲ್ಲಾದ್ಕಿಂತ ಜಾಸ್ತಿ ತಿಂತಾ ಐತೆ. ಗಾಡಿ ಮಾರ್ಬುಡ್ತೀನಿ."

ಸಿದ್ದಬಸಪ್ಪ ಒಪ್ಪಲಿಲ್ಲ. ಗಾಡಿ ಹೋದರೆ ತಾನು ಇನ್ನೊಬ್ಬರ ಆಳು ಎಂದು ಎರಡು ದಿನ ಊಟ ಬಿಟ್ಟ. ಅವಳು ಜಗಳವಾಡಲಿಲ್ಲ. ಗುಂಡಯ್ಯ ಒಯ್ದರೆ ಅವನು ಹೇಳಿದ್ದೇ ಬೆಲೆ, ನಾವೇ ಮಾರಿದರೆ ಸಂಘದ ಒಂದು ಸಾಲವೂ ತೀರುತ್ತದೆ ಎಂದು ಮತ್ತೆ ಮತ್ತೆ ಹೇಳಿದಳು. ಶುಕ್ರವಾರ ಅವನೇ ಸಕಲೇಶಪುರಕ್ಕೆ ಗಾಡಿ ಓಡಿಸಿಕೊಂಡು ಹೋಗಿ, ಬಸ್ಸಿನಲ್ಲಿ ವಾಪಸ್ ಬಂದ.

ಶನಿವಾರ ಇಬ್ಬರೂ ಆಲೂರಿಗೆ ಹೋದರು. ಸಾಕ್ಷಿಗೆ ದೇವೀರಮ್ಮನೂ ಬಂದಿದ್ದಳು. ಗುಂಡಯ್ಯ ಒಂದು ಚೆಕ್ ತಂದು ಮೇಜಿನ ಮೇಲಿಟ್ಟ. ಇನ್ನೊಂದು ಹಾಸನದಲ್ಲಿದೆ, ನಾಳೆ ಕಳಿಸುತ್ತೇನೆ ಎಂದು ಹಣದ ಚೀಲಕ್ಕೆ ಕೈ ಚಾಚಿದ. ಸಿದ್ದಬಸಪ್ಪ ಕೊಟ್ಟುಬಿಡುವವನಿದ್ದ. ದ್ರಾಕ್ಷಾಯಣಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಅದು ಬರೋಗಂಟ ಇಲ್ಲೇ ಕೂತಿರ್ತೀವಿ ಕಣಣ್ಣ. ಲೆಕ್ಕ ತೀರ್ತು ಅಂತ ಬರ್ದೂ ಕೊಡ್ಬೇಕು."

ಗುಂಡಯ್ಯ ನಕ್ಕ. ಆಮೇಲೆ ನಗು ನಿಲ್ಲಿಸಿದ. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಬಾಗಿಲಲ್ಲಿ ಇಬ್ಬರು ಹುಡುಗರು ಬಂದು ನಿಂತರು. ದೇವೀರಮ್ಮ ಕುರ್ಚಿ ಎಳೆದುಕೊಂಡು, ಸಂಘದವರೆಲ್ಲ ಬೇಕಾದರೆ ಮುಂದಿನ ಬಸ್ಸಿಗೆ ಬರುತ್ತಾರೆ ಎಂದಳು. ಕೊನೆಗೆ ಗುಂಡಯ್ಯ ಒಳಗಿನ ಕೋಣೆಗೆ ಹೋದ. ಹಾಸನದಲ್ಲಿದ್ದ ಚೆಕ್ ಅವನ ಬೀರುವಿನಿಂದಲೇ ಬಂತು. ಹಣ ಎಣಿಸಿಕೊಂಡು, ಚೀಟಿ ಬರೆದು ಸಹಿ ಹಾಕಿದ. ಅಲ್ಲಿಯೇ ಎರಡು ಚೆಕ್ಕುಗಳನ್ನೂ ಹರಿದದ್ದು ಸಿದ್ದಬಸಪ್ಪ.

ಉಳಿದ ಹಣದಲ್ಲಿ ಸಂಘದ ಒಂದು ಸಾಲ ಮುಗಿಯಿತು. ಸಿದ್ದಬಸಪ್ಪ ಈಗ ಯಸಳೂರಿನ ಬಳಿ ಎಸ್ಟೇಟಿನಲ್ಲಿ ಸಂಬಳದ ಡ್ರೈವರ್. ಮನೆ ಹೊಲಿಗೆಯಲ್ಲಿ ನಡೆಯುತ್ತದೆ, ಅವನ ಸಂಬಳ ಇನ್ನೊಂದು ಸಾಲಕ್ಕೆ. ಹೊಸ ಸಾಲಕ್ಕೆ ಇಬ್ಬರೂ ಕೈಹಾಕಿಲ್ಲ. ಮೊದಮೊದಲು ಅವನು ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಮೂರನೆಯ ತಿಂಗಳು ಎಸ್ಟೇಟಿನಿಂದ ತಾನಾಗಿಯೇ ಫೋನ್ ಮಾಡಿದ.

"ಸಂಬ್ಳ ಬಂತು ಕಣೇ. ಕಂತಿಗೆ ಕಳ್ಸಿವ್ನಿ. ನನ್ ಖರ್ಚಿಗೆ ಎಷ್ಟು ಇಟ್ಕಳ್ಲಿ, ನೀನೇ ಹೇಳು."