ಕೆಂಪು ಕಿವಿಯ ಕೋಳಿ ಯಾರ ಪಾಲಿಗೆ

ಅಣ್ಣತಮ್ಮಂದಿರು ಬೇರೆಯಾದಾಗ ಕೋಣೆ, ಪಾತ್ರೆ, ಕುರ್ಚಿ ಎಲ್ಲವೂ ಪಾಲಾದವು. ಕೋಳಿಗಳು ಮಾತ್ರ ಆಗಲಿಲ್ಲ. ಹಗಲೆಲ್ಲ ಎಲ್ಲೆಲ್ಲೋ ಕೆದಕಿದರೂ ಸಂಜೆ ಹಿತ್ತಲಿನ ಒಂದೇ ಗೂಡಿಗೆ ನುಗ್ಗುತ್ತಿದ್ದವು. ದಾರಿ ಹುಡುಕಿದವಳು ಹಿರಿಯ ಸೊಸೆ. ಬೀದಿಗೆಲ್ಲ ಬಟ್ಟೆ ಹೊಲಿಯುವವಳು. ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕುವಂತೆ ಕೋಳಿಗಳನ್ನೂ ವಿಂಗಡಿಸಿದಳು. ಕಿವಿಯ ಹಾಲೆ ಬೆಳ್ಳಗಿದ್ದರೆ ಕೋಳಿ ಬಿಳಿ ಮೊಟ್ಟೆ ಇಡುತ್ತದೆ, ಅದು ತನಗೆ. ಹಾಲೆ ಕೆಂಪಗಿದ್ದರೆ ಕಂದು ಮೊಟ್ಟೆ, ಅದು ಬೇಕರಿ ನಡೆಸುವ ಓರಗಿತ್ತಿಗೆ. ವರ್ಷಗಟ್ಟಲೆ ಈ ಏರ್ಪಾಡು ಕೈಕೊಡಲಿಲ್ಲ. "ಕಿವಿ ಸುಳ್ಳು ಹೇಳಲ್ಲ" ಎಂದು ಅಳತೆ ಕೊಡಲು ಬಂದವರ ಮುಂದೆಲ್ಲ ಅವಳು ಜಂಬ ಕೊಚ್ಚುತ್ತಿದ್ದಳು.

ಒಮ್ಮೆ ಬೂದುಬಣ್ಣದ ಮರಿಯೊಂದು ಬೇಲಿ ನುಸುಳಿ ಬಂತು. ಕೇಳಿಕೊಂಡು ಯಾರೂ ಬರಲಿಲ್ಲ. ಹೊಲಿಗೆಯಂತ್ರದ ಸದ್ದು ಅದಕ್ಕೆ ಹಿಡಿಸಿರಬೇಕು, ಕೆಳಗಿನ ಚೂರುಬಟ್ಟೆಯ ಬುಟ್ಟಿಯಲ್ಲೇ ಬಿಡಾರ ಹೂಡಿತು. ಅವಳು ಹೊಲಿಯುತ್ತ ಅದರ ಜೊತೆ ಗಿರಾಕಿಗಳ ಚಾಡಿ ಹೇಳುತ್ತಿದ್ದಳು. ಮಧ್ಯೆ ಬಾಯಿ ಹಾಕದ ಜೀವ ಆ ಮನೆಯಲ್ಲಿ ಅದೊಂದೇ.

ಬೆಳೆಯುತ್ತ ಅದರ ಹಾಲೆಗೆ ಬಣ್ಣ ಬಂತು. ಕೆಂಪು. ತಾನೇ ಮಾಡಿದ ನಿಯಮಕ್ಕೆ ತನ್ನ ಕೋಳಿಯೇ ಬಲಿಯಾಗಬೇಕೆ?

ಮರುದಿನ ಓರಗಿತ್ತಿ ಬಂದು ಕೋಳಿಯನ್ನು ಎತ್ತಿಕೊಂಡಳು. ಹಾಲೆ ಅಚ್ಚ ಬಿಳುಪಾಗಿತ್ತು. ಬೆರಳಿನಿಂದ ಸವರಿದಳು.

"ಅಕ್ಕ, ಈ ಬಿಳಿ ಕೈಗೆ ಹತ್ತುತ್ತಲ್ಲ! ಬಟ್ಟೆಗೆ ಗುರುತು ಹಾಕೋ ಚಾಕ್ ಅಲ್ವಾ ಇದು?"

ಹೊಲಿಗೆಯವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. "ತೋಳಿಗೆ ಗುರುತು ಹಾಕ್ತಿದ್ದೆ. ತಾಗಿರಬೇಕು."

"ಎರಡು ಕಿವಿಗೂ, ಅಳತೆ ತಗೊಂಡು ತಾಗಿದೆ!"

ಹೊಲಿಗೆಯವಳು ತಡೆಯಲಾರದೆ ನಕ್ಕುಬಿಟ್ಟಳು. ಓರಗಿತ್ತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆದರೆ ಕೋಳಿಯನ್ನು ಕೆಳಗಿಳಿಸಲಿಲ್ಲ.

"ಮೊಟ್ಟೆ ಇಡೋವರೆಗಾದ್ರೂ ಬಿಡೇ," ಎಂದಳು ಹೊಲಿಗೆಯವಳು. "ಕಂದು ಬಂದ್ರೆ ನಾನೇ ತಂದುಕೊಡ್ತೀನಿ."

"ಕಿವಿ ಸುಳ್ಳು ಹೇಳಲ್ಲ ಅಂತಿದ್ದೋರು ಯಾರೋ! ಆಯ್ತು, ಬಿಟ್ಟೆ."

ಕಿವಿಯ ಬಣ್ಣ ಹೇಳುವುದು ತಳಿಯ ವಿಚಾರ. ತಳಿ ಬೆರೆತಲ್ಲಿ ಅದರ ಮಾತು ನಡೆಯುವುದಿಲ್ಲ. ಇಬ್ಬರಿಗೂ ಇದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಚೂರುಬಟ್ಟೆಯ ನಡುವೆ ಮೊಟ್ಟೆ ಕಂಡಿತು. ಬಿಳಿಯಲ್ಲ, ಕಂದೂ ಅಲ್ಲ. ತಿಳಿ ಹಸಿರು.

ಹೊಲಿಗೆಯವಳು ಅದನ್ನು ಸೆರಗಿನಿಂದ ಉಜ್ಜಿದಳು. ಬಣ್ಣ ಬಿಡಲಿಲ್ಲ.

"ಈ ಸಲ ಯಾವ ಚಾಕ್, ಅಕ್ಕ?" ಎಂದಳು ನೋಡಲು ಬಂದ ಓರಗಿತ್ತಿ.

"ನಿನ್ನಾಣೆ, ನಾನಲ್ಲ ಕಣೇ!"

ಗದ್ದಲ ಕೇಳಿ ಅತ್ತೆ ಬಂದರು. ಪಾಲಾದಂದಿನಿಂದ ಎರಡು ಮನೆಗಳ ನಡುವಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಎರಡೂ ಕಡೆಗೆ ಬುದ್ಧಿ ಹೇಳುತ್ತಿದ್ದವರು. ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬಿಳಿ ನಿಂದು. ಕಂದು ಅವಳದು. ಯಾರ ಪಾಲಿಗೂ ಸೇರದವಳು ಈ ಮನೇಲಿ ನಾನೊಬ್ಬಳೇ ಅಂದ್ಕೊಂಡಿದ್ದೆ. ಇವಳೂ ಇದ್ದಾಳೆ. ಕೋಳಿ ನಂದು!"

ಸೊಸೆಯರಿಬ್ಬರೂ ಮುಖ ಮುಖ ನೋಡಿಕೊಂಡರು.

"ಬುಟ್ಟಿ ಬಿಟ್ಟು ಅದು ಇರಲ್ಲ, ಅತ್ತೆ," ಎಂದಳು ಹೊಲಿಗೆಯವಳು ಮೆಲ್ಲಗೆ.

"ಇರಲಿ ಬಿಡು. ನಾನೇ ಇಲ್ಲಿಗೆ ಬರ್ತೀನಿ."

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಕುರ್ಚಿ ಯಂತ್ರದ ಪಕ್ಕಕ್ಕೆ ಬಂತು. ಕೋಳಿ ಬುಟ್ಟಿಯಲ್ಲಿ ಕಣ್ಣು ಮುಚ್ಚಿತ್ತು. ಹೊಲಿಗೆಯವಳು ಅದನ್ನು ಕಣ್ತುಂಬ ನೋಡಿ, ಖುಷಿಯಿಂದ ಪೆಡಲ್ ತುಳಿದಳು.

"ಕಾಲರ್ ಸೊಟ್ಟಗಾಗ್ತಿದೆ," ಎಂದರು ಅತ್ತೆ. "ಬಿಚ್ಚು."